ಲಮಾರಾಳ ಗುಡಾಣ ಎದ್ದ ಈಸ್ಟರ್

ಈಸ್ಟರ್ ವಾರ ಬಂತೆಂದರೆ ಕಾಖೇತಿ ಸೀಮೆಯ ಕಾಕ್ಲಿಯಾನಿ ಎಂಬ ಊರಿನ ಮೇಲಿನ ಕೇರಿಯಲ್ಲಿ ಲಮಾರಾಳ ಫೋನಿಗೆ ಬಿಡುವೇ ಇರುವುದಿಲ್ಲ. ಊರ ಪಾದ್ರಿಗೂ ಇಷ್ಟು ಫೋನು ಬರಲ್ಲ ಎಂದು ಗಂಡ ಜುಂಬೇರ್ ಗೊಣಗುತ್ತಾನೆ. ಎಪ್ಪತ್ತನಾಲ್ಕು ವರ್ಷದ ಲಮಾರಾ ಮಾತ್ರ ಕೈಗಂಟಿದ ಹಿಟ್ಟನ್ನೂ ತೊಳೆಯದೆ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಒಬ್ಬೊಬ್ಬರಿಗೇ ಉತ್ತರ ಕೊಡುತ್ತಿರುತ್ತಾಳೆ.

"ಲಮಾರಾ ಅತ್ತೆ, ಹಂದಿಮರಿ ಸುಡ್ತಿದೀವಿ. ಬಿಳಿ ವೈನ್ ಇಡ್ಲಾ, ಕೆಂಪು ಇಡ್ಲಾ?"

"ಎರಡೂ ಬೇಡ. ನಿಮ್ಮಪ್ಪನ ಗುಡಾಣದಲ್ಲಿ ಚಹಾ ಬಣ್ಣದ್ದು ಇದೆಯಲ್ಲ, ಅದನ್ನ ತೆಗಿ. ಆ ಕೊಬ್ಬಿಗೆ ಜಗ್ಗಾಡೋ ತಾಕತ್ತು ಅದಕ್ಕೇ ಇರೋದು."

"ಉಪ್ಪು ಚೀಸ್‌ಗೆ?"

"ಅದಕ್ಕೂ ಅದೇ."

"ಮತ್ತೆ ಪಾಸ್ಕಾ ರೊಟ್ಟಿಗೆ?"

"ಹಾಲು ಕುಡಿ. ಅಷ್ಟು ಒಣದ್ರಾಕ್ಷಿ, ಅಷ್ಟು ಸಕ್ಕರೆ ಸುರ್ದು ಮಾಡಿರ್ತೀಯ, ಅದರ ಮೇಲೆ ವೈನ್ ಕುಡಿದ್ರೆ ವೈನ್ ಹುಳಿ ಅನ್ಸುತ್ತೆ. ಆಮೇಲೆ ನಿನ್ನ ಗಂಡ ನಿಮ್ಮಪ್ಪನ ವೈನೇ ಸರಿಯಿಲ್ಲ ಅಂತಾನೆ. ಹಬ್ಬದ ದಿನ ಯಾಕೆ ಬೇಕು ಜಗಳ?"

"ಚಾಕಾಪುಲಿಗೆ?"

ಇಲ್ಲಿಗೆ ಬಂದಾಗ ಲಮಾರಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸುತ್ತಾಳೆ. "ಚೊಂಬು ತಗೊಂಡು ನಮ್ಮನೆಗೆ ಬಾ. ಇದ್ರೆ ಕೊಡ್ತೀನಿ. ಇಲ್ದಿದ್ರೆ ಈ ಸಲಕ್ಕೆ ನೀರೇ ಕುಡೀರಿ," ಎಂದು ಫೋನಿಡುತ್ತಾಳೆ.

ಚಾಕಾಪುಲಿ ಎಂದರೆ ಅವಳಿಗೆ ಅಡುಗೆಯಷ್ಟೇ ಅಲ್ಲ. ಈಸ್ಟರಿಗೆ ಮಾಡುವ ಆ ಹಸಿರು ಕುರಿಮರಿ ಸಾರಿನ ಜೊತೆ ಯಾವ ವೈನ್ ಕುಡಿಯಬೇಕು ಎಂಬ ಒಂದೇ ವಿಷಯಕ್ಕೆ ಅವಳು ಮಾವನೊಂದಿಗೆ ಹನ್ನೆರಡು ವರ್ಷ ಹಟ ಹಿಡಿದು ಕೂತವಳು.

ಲಮಾರಾ ಹುಟ್ಟಿದ್ದು ಕಾರ್ತ್ಲಿ ಸೀಮೆಯ ಕಡೆ, ಆತೇನಿ ಕಣಿವೆಯಲ್ಲಿ. ಕಡಿದಾದ ಕಣಿವೆ, ಕೆಳಗೆ ಹೊಳೆ, ಮಧ್ಯಾಹ್ನ ಮೂರಕ್ಕೇ ಸೂರ್ಯ ಗುಡ್ಡದ ಹಿಂದೆ. ಅಲ್ಲಿಯ ವೈನ್ ತೆಳ್ಳಗೆ, ಹಸಿರು ಛಾಯೆಯದು. ಚಳಿಗಾಲವಿಡೀ ನೆಲದೊಳಗಿನ ಗುಡಾಣದಲ್ಲಿ ಸುಮ್ಮನೆ ಮಲಗಿರುತ್ತದೆ. ವಸಂತದ ಬಿಸಿಲು ಮಣ್ಣಿಗಿಳಿದು ಗುಡಾಣದ ಹೆಗಲು ಮುಟ್ಟಿದ ದಿನ ಮೈಮುರಿದು ಏಳುತ್ತದೆ. ಎದ್ದ ಮೇಲೆ ನಾಲ್ಕೈದು ದಿನ ನೊರೆ, ಗುಳ್ಳೆ, ಸಣ್ಣಗೆ ಶಿಳ್ಳೆ. ಆಮೇಲೆ ಅದೂ ಎಲ್ಲ ವೈನಿನಂತೆ ತಣ್ಣಗಾಗಿಬಿಡುತ್ತದೆ. ಕಣಿವೆಯಲ್ಲಿ ಚಳಿ ನಿಧಾನಕ್ಕೆ ಬಿಡುವುದರಿಂದ ಈ ಏಳುವ ಕಾಲ ಹೆಚ್ಚೂಕಮ್ಮಿ ಈಸ್ಟರ್ ಹೊತ್ತಿಗೇ ಬರುತ್ತಿತ್ತು. ಹಾಗೆಂದು ಲಮಾರಾ ಹೇಳುತ್ತಾಳೆ; ಎಲ್ಲ ವರ್ಷವೂ ಬರುತ್ತಿತ್ತೋ, ಬಂದ ವರ್ಷಗಳಷ್ಟೇ ಅವಳಿಗೆ ನೆನಪಿವೆಯೋ ಯಾರಿಗೆ ಗೊತ್ತು. ಈಸ್ಟರ್ ಬೆಳಿಗ್ಗೆ ಅವಳಪ್ಪ ಗುಡಾಣದ ಕಲ್ಲಿನ ಮುಚ್ಚಳ ಸರಿಸುತ್ತಿದ್ದ, ಮುಚ್ಚಳದ ಅಡಿಗೆ ಅಂಟಿದ ನೊರೆಯನ್ನು ಲಮಾರಾ ಬೆರಳಲ್ಲಿ ಬಳಿದು ನೆಕ್ಕುತ್ತಿದ್ದಳು. ಒಳಗೆ ಅಮ್ಮ ಚಾಕಾಪುಲಿಗೆ ತರ್ಖುನಾ ಸೊಪ್ಪನ್ನು ಹಿಡಿಹಿಡಿಯಾಗಿ ಹಾಕುತ್ತಿದ್ದಳು. ಮನೆಯೆಲ್ಲ ಆ ಸೊಪ್ಪಿನ ಘಾಟು.

ಇಪ್ಪತ್ತೊಂದಕ್ಕೆ ಮದುವೆಯಾಗಿ ಅವಳು ಬಂದಿದ್ದು ಈ ಕಾಖೇತಿಗೆ. ಬಯಲು ಸೀಮೆ, ಬೆಳಿಗ್ಗೆಯಿಂದ ಸಂಜೆವರೆಗೆ ಬಿಸಿಲು, ಕಣ್ಣು ಹಾಯುವಷ್ಟು ದೂರ ದ್ರಾಕ್ಷಿ. ಇವರ ವೈನೇ ಬೇರೆ. ದ್ರಾಕ್ಷಿಯ ಸಿಪ್ಪೆ, ಬೀಜ, ದಂಟು ಸಮೇತ ಆರು ತಿಂಗಳು ಗುಡಾಣದಲ್ಲಿ ಹೂತಿಟ್ಟು, ಕಡುಚಹಾದ ಬಣ್ಣ ಬರಿಸಿ, ಕುಡಿದರೆ ನಾಲಗೆಗೆ ಕಂಬಳಿ ಹೊದಿಸಿದಂತಾಗಬೇಕು. ಆಗಲೇ ಇವರಿಗೆ ಸಮಾಧಾನ.

ಮಾವ ಗೋಡೆರ್ಜಿ ಆ ಕೇರಿಗೇ ತಮಾದಾ. ಯಾರ ಮನೆಯ ಊಟವಾದರೂ ಮೇಜಿನ ತಲೆಯಲ್ಲಿ ಕೂತು, ಒಂದೊಂದು ಬಟ್ಟಲಿಗೂ ಒಂದೊಂದು ಹಾರೈಕೆ ಹೇಳಿ ಕುಡಿಸುವುದು ಅವನೇ. ದಪ್ಪ ಮೀಸೆ, ದಪ್ಪ ದನಿ, ಒಂದು ಮಂಡಿ ಮಾತ್ರ ಕೆಟ್ಟಿತ್ತು. ಲಮಾರಾಳ ಮೊದಲ ಈಸ್ಟರ್‌ಗೆ ಅವನೇ ತನ್ನ ಗುಡಾಣದಿಂದ ವೈನ್ ತೆಗೆದು ಹೊಸ ಸೊಸೆಗೆ ಮೊದಲು ಕೊಟ್ಟ. ಅವಳು ಒಂದು ಚಮಚ ಚಾಕಾಪುಲಿ ಬಾಯಿಗಿಟ್ಟು ಅದರ ಮೇಲೆ ಒಂದು ಗುಟುಕು ಕುಡಿದಳು. ಸಾರಿನ ಹುಳಿ ಪ್ಲಮ್ ಕಾಯಿ ಒಂದು ಕಡೆ ಎಳೆಯಿತು, ವೈನಿನ ಒಗರು ಇನ್ನೊಂದು ಕಡೆ. ತರ್ಖುನಾದ ಸುಳಿವೇ ಇಲ್ಲ. ಅವಳ ಮುಖ ಅವಳ ಕೈಮೀರಿ ಹಿಂಡಿಕೊಂಡಿತು.

"ಏನಾಯ್ತು ಹುಡುಗಿ?" ಎಂದ ಗೋಡೆರ್ಜಿ.

"ಏನಿಲ್ಲ ಮಾವ. ವೈನ್ ತುಂಬಾ ಚೆನ್ನಾಗಿದೆ."

"ಮತ್ತೆ?"

"ಚಾಕಾಪುಲೀನೂ ಚೆನ್ನಾಗಿದೆ."

"ಮತ್ತೆ ಮುಖ ಯಾಕೆ ಒಣಗಿದ ದಾಳಿಂಬೆ ಹಂಗಾಯ್ತು?"

ಲಮಾರಾಗೆ ಸುಳ್ಳು ಹೇಳಿ ರೂಢಿಯಿರಲಿಲ್ಲ. "ಎರಡೂ ಜಗಳ ಆಡ್ತಿವೆ ಮಾವ. ನಮ್ಮ ಕಡೆ ಈ ಸಾರಿಗೆ ನೊರೆ ವೈನ್ ಕುಡೀತೀವಿ. ಈಸ್ಟರ್‌ಗೆ ತಾನಾಗೇ ಏಳುತ್ತೆ. ಸೊಪ್ಪಿನ ವಾಸನೇನ ಮೂಗಿನವರೆಗೂ ಎತ್ಕೊಂಡು ಬರುತ್ತೆ," ಎಂದುಬಿಟ್ಟಳು.

ಮೇಜಿನ ಸುತ್ತ ಇದ್ದ ಹದಿನಾಲ್ಕು ಜನ ಚಮಚ ಕೆಳಗಿಟ್ಟರು. ಅತ್ತೆ ಪೆಪೆಲಾ ಮಾತ್ರ ತಲೆ ಬಗ್ಗಿಸಿ ನಗು ನುಂಗುತ್ತಿದ್ದಳು. ಗೋಡೆರ್ಜಿ ನಿಧಾನಕ್ಕೆ ಮೀಸೆ ಒರೆಸಿಕೊಂಡ.

"ಜುಂಬೇರ್, ನಿನ್ನ ಹೆಂಡ್ತಿಗೆ ಸೋಡಾ ಬೇಕಂತೆ. ಅಂಗಡೀಗೆ ಓಡು."

ಆವತ್ತು ಎಲ್ಲರೂ ನಕ್ಕಿದ್ದು ಲಮಾರಾಗೆ ಇನ್ನೂ ಕೇಳಿಸುತ್ತದೆ. ಆದರೆ ಅವಳು ಅತ್ತುಕೊಂಡು ಕೂರಲಿಲ್ಲ. ಅಪ್ಪನಿಗೆ ಕಾಗದ ಬರೆದಳು. ಮೇ ತಿಂಗಳಲ್ಲಿ ಅಪ್ಪ ಯಾರದೋ ಲಾರಿ ಹತ್ತಿ ಬಂದ. ಒದ್ದೆ ಗೋಣಿಯಲ್ಲಿ ಸುತ್ತಿದ ಇಪ್ಪತ್ತು ಬಳ್ಳಿತುಂಡು, ಹುಲ್ಲಿನ ನಡುವೆ ಮಗುವಿನಂತೆ ಮಲಗಿಸಿದ ಒಂದು ಸಣ್ಣ ಮಣ್ಣಿನ ಗುಡಾಣ.

ಗೋಡೆರ್ಜಿ ಬೀಗರನ್ನು ಅಪ್ಪಿಕೊಂಡ, ಮೂರು ದಿನ ಕುಡಿಸಿದ, ಉಣ್ಣಿಸಿದ. ಗುಡಾಣವನ್ನು ಮಾತ್ರ ತನ್ನ ವೈನ್ ಕೋಣೆಯೊಳಗೆ ಬಿಟ್ಟುಕೊಳ್ಳಲಿಲ್ಲ. "ಒಳಗಿರೋ ಏಳು ಗುಡಾಣಾನೂ ನಮ್ಮಜ್ಜನ ಕಾಲದ್ದು ಬೀಗರೇ. ಅವಕ್ಕೆ ಹೊಸಬರನ್ನ ಕಂಡ್ರೆ ಆಗಲ್ಲ," ಎಂದ. ಕೊನೆಗೆ ಅದನ್ನು ಅಡುಗೆಮನೆಯ ಹಿಂದೆ, ಆಕ್ರೋಟ ಮರದ ನೆರಳಲ್ಲಿ, ಕುತ್ತಿಗೆವರೆಗೆ ಹೂತರು. ಬಳ್ಳಿಗಳನ್ನು ಬೇಲಿ ಪಕ್ಕದ ಒಂದು ಸಾಲಿನಲ್ಲಿ ನೆಟ್ಟರು.

ನಾಲ್ಕನೇ ವರ್ಷ ಹಣ್ಣು ಬಿಟ್ಟಿತು. ಆ ಶರತ್ಕಾಲದಲ್ಲಿ ಲಮಾರಾ ತಾನೇ ದ್ರಾಕ್ಷಿ ತುಳಿದು, ರಸ ಸುರಿದು, ಮುಚ್ಚಳದ ಸುತ್ತ ಹಸಿ ಜೇಡಿಮಣ್ಣು ಮೆತ್ತಿದಳು. ಗೋಡೆರ್ಜಿ ಕೈ ಹಿಂದೆ ಕಟ್ಟಿಕೊಂಡು ಬಂದು ನೋಡಿದ.

"ನೋಡು ಹುಡುಗಿ. ನಾನು ಹಟಮಾರಿ ಇರಬಹುದು, ಅನ್ಯಾಯ ಮಾಡೋನಲ್ಲ. ಈಸ್ಟರ್ ದಿನ ನಿನ್ನ ವೈನ್ ತಾನಾಗೇ ಎದ್ದು ಕೂತಿದ್ರೆ, ಚಾಕಾಪುಲಿ ಜೊತೆ ಮೇಜಿನ ತಲೇಲಿ ಕೂತು ನಾನೇ ಅದನ್ನ ಸುರೀತೀನಿ. ಎದ್ದಿಲ್ಲ ಅಂದ್ರೆ ನನ್ನದೇ. ಆಯ್ತಾ?"

"ಆಯ್ತು ಮಾವ."

"ಆದ್ರೆ ಈ ಮನೇಲಿ ಉಪವಾಸ ಶುರುವಾದ ದಿನದಿಂದ ಈಸ್ಟರ್ ಬೆಳಿಗ್ಗೆವರೆಗೆ ಯಾವ ಗುಡಾಣದ ಮುಚ್ಚಳಾನೂ ತೆಗೆಯಲ್ಲ. ನನ್ನದೂ ಇಲ್ಲ, ನಿನ್ನದೂ ಇಲ್ಲ. ಗೊತ್ತಲ್ಲ?"

ಲಮಾರಾ ತಲೆಯಾಡಿಸಿದಳು. ಎಂಥ ಬಲೆಗೆ ಕಾಲಿಟ್ಟೆ ಎಂದು ಗೊತ್ತಾಗಿದ್ದು ಆಮೇಲೆ. ವೈನ್ ಏಳುವುದು ಮಣ್ಣಿನ ಬಿಸಿ ನೋಡಿಕೊಂಡು. ಈಸ್ಟರ್ ಬರುವುದು ಚಂದ್ರನನ್ನು ನೋಡಿಕೊಂಡು. ಒಂದು ವರ್ಷ ಏಪ್ರಿಲ್ ಆರಂಭಕ್ಕೇ ಬಂದುಬಿಡುತ್ತದೆ, ಇನ್ನೊಂದು ವರ್ಷ ಮೇ ಬಂದರೂ ಬಂದಿರುವುದಿಲ್ಲ. ಏಳು ವಾರ ಮುಚ್ಚಳ ಮುಟ್ಟುವಂತಿಲ್ಲ ಎಂದ ಮೇಲೆ, ಎದ್ದ ವೈನನ್ನು ಬಾಟಲಿಗೆ ಇಳಿಸಿ ಬಿರಡೆ ಜಡಿದಿಟ್ಟುಕೊಳ್ಳುವ ದಾರಿಯೂ ಇಲ್ಲ.

ಎಂಟು ಈಸ್ಟರ್ ಹಾಗೇ ಹೋದವು. ಬೇಗ ಬಂದ ವರ್ಷ ಮುಚ್ಚಳ ತೆಗೆದರೆ ವೈನ್ ಇನ್ನೂ ಗಾಢ ನಿದ್ದೆಯಲ್ಲಿ. ತಡವಾದ ವರ್ಷ ಎದ್ದು, ಕುಣಿದು, ಸುಸ್ತಾಗಿ ಮಲಗಿರುತ್ತಿತ್ತು. ತಾರೀಕು ಸರಿಯಾಗಿ ಕೂಡಿಬಂದ ಒಂದು ವರ್ಷ ಹಿಂದಿನ ಸುಗ್ಗಿಯಲ್ಲೇ ಆಲಿಕಲ್ಲು ಬಿದ್ದು ಗುಡಾಣದಲ್ಲಿ ಏನೂ ಇರಲಿಲ್ಲ. ಪ್ರತಿ ಈಸ್ಟರ್ ಬೆಳಿಗ್ಗೆಯೂ ಗೋಡೆರ್ಜಿ ಆಕ್ರೋಟ ಮರದ ಹತ್ತಿರ ಬಂದು, ಅವಳು ತೆಗೆದುಕೊಟ್ಟ ಬಟ್ಟಲನ್ನು ಕಿವಿಗೆ ಹಿಡಿದು ಕೇಳುತ್ತಿದ್ದ.

"ಮಾತಾಡ್ತಿಲ್ಲವಲ್ಲ ಹುಡುಗಿ."

"ಹೋದ ವಾರ ಮಾತಾಡಿತ್ತು ಮಾವ."

"ಹೋದ ವಾರ ನಾನೂ ಹುರಿದ ಬೀನ್ಸ್ ತಿಂದಿದ್ದೆ. ಈಸ್ಟರ್ ದಿನ ಅದರ ಸುದ್ದಿ ಯಾಕೆ?"

ಹೀಗೆ ಹೇಳಿ ತನ್ನ ಚಹಾ ಬಣ್ಣದ ವೈನ್ ಹಿಡಿದು ಮೇಜಿಗೆ ಹೋಗುತ್ತಿದ್ದ. ಕೇರಿಯವರಿಗಂತೂ ಇದು ಈಸ್ಟರಿನ ಒಂದು ಆಟವೇ ಆಗಿಹೋಗಿತ್ತು. ಕೆಂಪು ಮೊಟ್ಟೆಗೆ ಮೊಟ್ಟೆ ಕುಟ್ಟಿ ಯಾರದು ಒಡೆಯಿತು ಎಂದು ನೋಡಿದ ಮೇಲೆ, ಲಮಾರಾಳ ಗುಡಾಣ ಎದ್ದಿತಾ ಎಂದು ಕೇಳಿಕೊಂಡು ಬರುವುದು. ನಿಜ ಹೇಳಬೇಕೆಂದರೆ ಅವಳಿಗೂ ಒಂದು ವಿಷಯ ಗೊತ್ತಾಗಿತ್ತು: ಚಾಕಾಪುಲಿ ಮುಗಿದು ಹಂದಿಮರಿ ಬಂದಾಗ ಮಾವನ ವೈನಿಗೆ ಎದುರಿಲ್ಲ. ಗರಿಗರಿ ಚರ್ಮ, ಕೊಬ್ಬು, ಉಪ್ಪು, ಅದರ ಮೇಲೆ ಆ ಒಗರು. ಬಾಯಿ ತೊಳೆದು ಮತ್ತೊಂದು ತುಂಡಿಗೆ ತಯಾರಾಗುತ್ತದೆ. ಅವಳು ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೇ.

ಒಂಬತ್ತನೆಯದು ಸಾವಿರದ ಒಂಬೈನೂರ ಎಂಬತ್ತನಾಲ್ಕನೇ ಇಸವಿಯ ಈಸ್ಟರ್. ಅಷ್ಟು ಹೊತ್ತಿಗೆ ಅವಳಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಅವಳ ತಮ್ಮ ಪಟ್ಟಣಕ್ಕೆ ಹೋಗಿ ಕಾರ್ಖಾನೆ ಸೇರಿದ, ಕಣಿವೆಯ ಬಳ್ಳಿ ಕಿತ್ತು ಯಾರೋ ಸೇಬು ನೆಟ್ಟರು. ಅಪ್ಪನ ಬಳ್ಳಿಯ ವೈನ್ ಎಂದು ಭೂಮಿಯ ಮೇಲೆ ಉಳಿದಿದ್ದರೆ ಅದು ಆಕ್ರೋಟ ಮರದ ಕೆಳಗಿನ ಆ ಒಂದು ಗುಡಾಣದಲ್ಲಿ ಮಾತ್ರ. ಅದಕ್ಕೂ ಗಂಡಾಂತರ ಬಂದಿತ್ತು. ಅಡುಗೆಮನೆ ಸಾಲುತ್ತಿಲ್ಲ, ಹಿಂದಕ್ಕೆ ಒಂದು ಕೋಣೆ ಎಳೆಯಬೇಕು ಎಂದು ಗೋಡೆರ್ಜಿ ತೀರ್ಮಾನಿಸಿದ್ದ. ಈಸ್ಟರ್ ಮುಗಿದ ವಾರ ಗಾರೆಯವರು ಬರುತ್ತಾರೆ. ಗುಡಾಣ ಕೀಳಬೇಕು. ನೆಲದಲ್ಲಿ ಹನ್ನೆರಡು ವರ್ಷ ಕೂತ ಹಳೇ ಮಣ್ಣಿನ ಗುಡಾಣ ಕೀಳುವಾಗ ಒಡೆಯದೆ ಉಳಿಯುವುದು ಅಪರೂಪ, ಅದು ಎಲ್ಲರಿಗೂ ಗೊತ್ತು.

"ಇನ್ನೊಂದು ಕಡೆ ಕಟ್ಟಿಸಬಹುದಲ್ಲ ಮಾವ?" ಎಂದು ಅವಳು ಒಮ್ಮೆ ಕೇಳಿದ್ದಳು.

"ಎದ್ದಿದ್ರೆ ಕಟ್ಟಿಸ್ತಿದ್ದೆ. ಎಂಟು ವರ್ಷ ಮಲಗಿದ್ದಕ್ಕೆ ಯಾರಮ್ಮಾ ಮನೆ ಸುತ್ತಿಸಿ ಕಟ್ತಾರೆ?"

ಆ ವರ್ಷ ಈಸ್ಟರ್ ಏಪ್ರಿಲ್ ಇಪ್ಪತ್ತೆರಡಕ್ಕೆ ಬಿದ್ದಿತ್ತು. ಹಿಂದಿನ ಸುಗ್ಗಿ ಚೆನ್ನಾಗಿತ್ತು, ಚಳಿಗಾಲ ಹದವಾಗಿತ್ತು. ಲಮಾರಾ ಏಪ್ರಿಲ್ ಹತ್ತರಿಂದ ದಿನಾ ಬೆಳಿಗ್ಗೆ ಮರದ ಕೆಳಗೆ ಹೊಟ್ಟೆಯಡಿಯಾಗಿ ಮಲಗಿ ಮುಚ್ಚಳಕ್ಕೆ ಕಿವಿ ಹಚ್ಚಿ ಕೇಳುತ್ತಿದ್ದಳು. ಸದ್ದಿಲ್ಲ. ಬುಧವಾರ ಕೇಳಿದಾಗ ಎಲ್ಲೋ ಆಳದಲ್ಲಿ ಒಂದೇ ಒಂದು ಗುಳ್ಳೆ ಟಪ್ ಎಂದಿತು. ಇನ್ನು ಮೂರ್ನಾಲ್ಕು ದಿನ. ಸರಿಯಾಗಿ ಭಾನುವಾರ! ಅವಳು ಎದ್ದು ಲಂಗದ ಮಣ್ಣು ಕೊಡವಿಕೊಂಡಾಗ ಕಾಲು ನೆಲದ ಮೇಲಿರಲಿಲ್ಲ.

ಗುರುವಾರ ಪಾಸ್ಕಾ ಸುಡುವ ದಿನ. ಅಂಗಳದ ಹಳೇ ಇಟ್ಟಿಗೆ ಒಲೆ ಚಳಿಗಾಲದಲ್ಲಿ ಕುಸಿದಿದ್ದರಿಂದ ಜುಂಬೇರ್ ಹೊಸದು ಕಟ್ಟಿದ್ದ, ಗಾಳಿ ಕಮ್ಮಿ ಎಂದು ಆಕ್ರೋಟ ಮರದ ಪಕ್ಕಕ್ಕೇ. ಹೊಸ ಒಲೆ ಎಂದ ಮೇಲೆ ಅಕ್ಕಪಕ್ಕದ ಮೂರು ಮನೆಯವರೂ ತಮ್ಮ ಹಿಟ್ಟು ಹೊತ್ತು ತಂದರು. ಬೆಳಿಗ್ಗೆ ಹಚ್ಚಿದ ಬೆಂಕಿ ಸಂಜೆವರೆಗೂ ಆರಲಿಲ್ಲ. ನಲವತ್ತು ಪಾಸ್ಕಾ ಬೆಂದವು. ಲಮಾರಾ ತಾನೇ ನಿಂತು ಕಟ್ಟಿಗೆ ಒಟ್ಟಿದಳು, ಬೆವರಿದಳು, ನಕ್ಕಳು, ಹಾಡಿದಳು. ಬೆಂಕಿಗೂ ಗುಡಾಣಕ್ಕೂ ಮಧ್ಯೆ ನಾಲ್ಕೇ ಹೆಜ್ಜೆ ಎನ್ನುವುದು ಒಬ್ಬರ ತಲೆಗೂ ಬರಲಿಲ್ಲ.

ಮರುದಿನ ಕೆಂಪು ಶುಕ್ರವಾರ, ಕ್ರಿಸ್ತ ಸತ್ತ ಕಟ್ಟುಪವಾಸದ ದಿನ; ಮಧ್ಯಾಹ್ನ ಅತ್ತೆ ಸೊಸೆ ಮಂಜಿಷ್ಠದ ಬೇರು ಕುದಿಸಿ ಮೊಟ್ಟೆಗೆ ಬಣ್ಣ ಹಾಕುತ್ತಿದ್ದರು. ಪೆಪೆಲಾ ಕೈ ತಡೆದಳು.

"ಏನದು ಸದ್ದು? ಪಾತ್ರೆ ಸೋರ್ತಿದೆಯಾ?"

ಲಮಾರಾ ಹೊರಗೆ ಓಡಿದಳು. ಮುಚ್ಚಳದ ಸುತ್ತ ಮೆತ್ತಿದ ಜೇಡಿಮಣ್ಣು ಬಿರುಕು ಬಿಟ್ಟು, ಆ ಬಿರುಕಿನಲ್ಲಿ ಪುಟ್ಟ ಪುಟ್ಟ ಗುಳ್ಳೆ ಎದ್ದೆದ್ದು ಒಡೆಯುತ್ತಿದ್ದವು. ಒಳಗಿಂದ ಸಣ್ಣಗೆ ಶಿಳ್ಳೆ. ಬಾಲ್ಯದಲ್ಲಿ ಕೇಳಿದ್ದ ಅದೇ ಶಿಳ್ಳೆ. ಅವಳು ಬಗ್ಗಿ ಮಣ್ಣು ಮುಟ್ಟಿದಳು. ಬೆಚ್ಚಗಿತ್ತು. ಒಲೆಯ ಕಡೆ ತಿರುಗಿ ನೋಡಿದಳು. ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ಅತ್ತೆ, ನಾನೇ ಎಬ್ಬಿಸಿಬಿಟ್ಟೆ. ನಿನ್ನೆ ಇಡೀ ದಿನ ನಾನೇ ಕಟ್ಟಿಗೆ ಹಾಕ್ದೆ."

"ಏನಾಗುತ್ತೆ ಈಗ?"

"ಈ ಬಿಸಿಗೆ ಒಂದೇ ಸಮ ಉಕ್ಕಿ ನಾಳೆ ಸಂಜೆ ಹೊತ್ತಿಗೆ ಮುಗಿದ್ಹೋಗುತ್ತೆ. ಇವತ್ತು ತೆಗೆಯೋ ಹಾಗಿಲ್ಲ, ಕುಡಿಯೋ ಹಾಗಂತೂ ಇಲ್ಲವೇ ಇಲ್ಲ. ಭಾನುವಾರಕ್ಕೆ ಸತ್ತಿರುತ್ತೆ. ಸೋಮವಾರ ಗಾರೆಯವರು."

ಪೆಪೆಲಾ ಸೊಸೆಯನ್ನು ನೋಡಿದಳು, ಗುಡಾಣವನ್ನು ನೋಡಿದಳು. ಆಮೇಲೆ ಬಾವಿಯ ಕಡೆ ನೋಡಿದಳು. "ತಣ್ಣೀರು ಸುರಿದ್ರೆ ತಡಿಯುತ್ತಾ?"

"ಇವತ್ತು ಮಣ್ಣಿನ ಕೆಲಸ ಮಾಡಬಾರದಲ್ಲ ಅತ್ತೆ. ಮಾವ ಬೈತಾರೆ."

"ಗಿಡಕ್ಕೆ ನೀರು ಹಾಕೋದು ಯಾವ ಊರಲ್ಲಿ ಕೆಲಸ? ಇದನ್ನೂ ಒಂದು ಗಿಡ ಅಂದ್ಕೋ. ಏಳೇ ಮೇಲೆ!"

ಇಬ್ಬರೂ ಬಾವಿಯಿಂದ ಬಕೆಟ್ ಬಕೆಟ್ ನೀರು ತಂದು ಗುಡಾಣದ ಸುತ್ತ ಸುರಿಯತೊಡಗಿದರು. ಮೊಟ್ಟೆಗಳು ಒಲೆಯ ಮೇಲೆ ಕುದಿದೂ ಕುದಿದೂ ಕಪ್ಪಾದವು. ಹದಿನೈದನೆಯ ಬಕೆಟ್ಟಿಗೋ ಹದಿನಾರಕ್ಕೋ ಗೋಡೆರ್ಜಿ ಕೋಲೂರಿಕೊಂಡು ಬಂದ. ಅವನೂ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಹಸಿದ ದಿನ ಅವನ ಕೋಪಕ್ಕೆ ಎರಡು ಕೊಂಬು ಜಾಸ್ತಿ.

"ಇವತ್ತು ಏನಿದು ಅಭಿಷೇಕ?"

ಲಮಾರಾ ಬಕೆಟ್ ಕೆಳಗಿಟ್ಟಳು. ಪೆಪೆಲಾ ನಡೆದದ್ದನ್ನೆಲ್ಲ ಹೇಳಿದಳು. ಗೋಡೆರ್ಜಿ ಕೋಲನ್ನು ಮರಕ್ಕೆ ಒರಗಿಸಿ, ಕೆಟ್ಟ ಮಂಡಿಯನ್ನು ನೀಡಿ ಕಷ್ಟಪಟ್ಟು ಬಗ್ಗಿ ಮುಚ್ಚಳಕ್ಕೆ ಕಿವಿ ಇಟ್ಟ. ಬಹಳ ಹೊತ್ತು ಹಾಗೇ ಇದ್ದ. ಮೀಸೆಗೆ ಕೆಸರಾಯಿತು.

"ಇದೇನಾ ನೀನು ಹೇಳ್ತಿದ್ದ ಶಿಳ್ಳೆ?"

"ಹೂಂ ಮಾವ."

"ಸೋಡಾ ಬಾಟ್ಲಿ ಹಂಗೇ ಇದೆ," ಎಂದು ಎದ್ದು, ಕೋಲು ಹಿಡಿದು ಹೊರಟುಹೋದ.

ಕತ್ತಲಾಗುವವರೆಗೂ ಅತ್ತೆ ಸೊಸೆ ನೀರು ಹೊತ್ತರು. ಸಾಮೂಹಿಕ ತೋಟದ ಟ್ರ್ಯಾಕ್ಟರ್ ನಿಲ್ಲಿಸಿ ಬಂದ ಜುಂಬೇರ್ ತಾನು ಕಟ್ಟಿದ ಒಲೆಯನ್ನು ನೋಡಿ ತಲೆ ಕೆರೆದುಕೊಂಡು ಬಕೆಟ್ ಇಸಿದುಕೊಂಡ. ಏನೇ ಮಾಡಿದರೂ ಮಣ್ಣಿನ ಬಿಸಿ ಪೂರ್ತಿ ಇಳಿಯಲಿಲ್ಲ. ಲಮಾರಾ ಮಲಗುವಾಗ ಎಲ್ಲ ಮುಗಿಯಿತೆಂದೇ ಅಂದುಕೊಂಡಳು.

ಶನಿವಾರ ಬೆಳಕು ಹರಿಯುವಾಗ ಗಾಡಿಯ ಸದ್ದಿಗೆ ಎಚ್ಚರವಾಯಿತು. ಕಿಟಕಿಯಿಂದ ನೋಡಿದರೆ ಹಿತ್ತಲಲ್ಲಿ ಮಾವ. ಕತ್ತೆಗಾಡಿಯ ಮೇಲೆ ಮರದ ಹೊಟ್ಟು ಮುಚ್ಚಿದ, ಹೆಣ್ಣಾಳಷ್ಟು ಉದ್ದದ ಮಂಜುಗಡ್ಡೆ. ಊರಾಚೆಯ ಸಾಮೂಹಿಕ ತೋಟದ ಹಾಲಿನ ಡೇರಿಯಿಂದ ತಂದಿದ್ದ. ಅದನ್ನು ಕೊಡಲಿಯಲ್ಲಿ ಒಡೆಯುತ್ತ, ತುಂಡುಗಳನ್ನು ಗುಡಾಣದ ಸುತ್ತ ಜೋಡಿಸುತ್ತ, ಬಾಯಲ್ಲಿ ಏನೇನೋ ಬೈಯುತ್ತಿದ್ದ. ಲಮಾರಾ ಶಾಲು ಹೊದ್ದು ಹೊರಬಂದಳು.

"ಮಾವ, ಏನಿದು?"

ಗೋಡೆರ್ಜಿ ಬೆಚ್ಚಿಬಿದ್ದ. "ಮಂಡಿಗೆ. ಡಾಕ್ಟ್ರು ತಣ್ಣಗಿನ ಪಟ್ಟು ಹಾಕು ಅಂದಿದ್ರು."

"ಇಷ್ಟೊಂದಾ?"

"ದೊಡ್ಡ ಮಂಡಿ."

"ಮತ್ತೆ ಅಲ್ಲಿ ಯಾಕೆ ಇಡ್ತಿದೀರಾ?"

ಅವನು ಕೊಡಲಿ ಕೆಳಗಿಟ್ಟು ಅವಳ ಕಡೆ ತಿರುಗಿದ. "ಎಂಟು ವರ್ಷ ನಾನು ಗೆದ್ದೆ. ಬಿಸಿಲು ಗೆಲ್ಲಿಸಿತು, ಚಳಿ ಗೆಲ್ಲಿಸಿತು, ಆಲಿಕಲ್ಲು ಗೆಲ್ಲಿಸಿತು, ಸರಿ. ನನ್ನ ಮಗ ಕಟ್ಟಿದ ಒಲೆ ಗೆಲ್ಲಿಸಿದ್ರೆ ಊರಲ್ಲಿ ನಾನು ಹೆಂಗಮ್ಮಾ ಮುಖ ತೋರಿಸ್ಲಿ? ಮುದುಕ ಬೇಕಂತ್ಲೇ ಅಲ್ಲಿ ಬೆಂಕಿ ಹಾಕಿಸಿದ ಅಂತಾರೆ. ನಿಂತ್ಕೊಂಡು ಏನ್ ನೋಡ್ತೀಯ, ಗೋಣಿಚೀಲ ತಾ, ಮೇಲೆ ಹೊದಿಸೋಣ."

ಇಬ್ಬರೂ ಸೇರಿ ಮಂಜುಗಡ್ಡೆಯ ಮೇಲೆ ಗೋಣಿ ಹೊದಿಸಿದರು. ಆ ದಿನವಿಡೀ ಕರಗಿದ ನೀರು ಗುಡಾಣದ ಹೆಗಲಿಗೆ ಇಳಿಯುತ್ತಲೇ ಇತ್ತು. ಸಂಜೆ ಕಿವಿ ಹಚ್ಚಿದರೆ ಶಿಳ್ಳೆ ನಿಂತಿತ್ತು. ತಣ್ಣಗಾಗಿ ಮಲಗಿತೋ, ಸತ್ತೇ ಹೋಯಿತೋ ಹೇಳುವವರು ಯಾರು? ಲಮಾರಾ ಮಾವನ ಮುಖ ನೋಡಿದಳು. "ನಂಗೆ ಕೇಳಬೇಡ. ನಂಗೆ ಸೋಡಾ ವಿಷಯ ಗೊತ್ತಾಗಲ್ಲ," ಎಂದ ಅವನು, ಆದರೆ ದನಿಯಲ್ಲಿ ಮೊದಲಿನ ಖಾರ ಇರಲಿಲ್ಲ.

ಧರ್ಮ ಎಂದರೆ ಆಗದ ಆಗಿನ ಸರ್ಕಾರ ಊರ ಚರ್ಚಿಗೆ ಬೀಗ ಹಾಕಿತ್ತು. ಈಸ್ಟರ್ ಏನಿದ್ದರೂ ಅಂಗಳದಲ್ಲಿ. ಭಾನುವಾರ ಬೆಳಿಗ್ಗೆಯೇ ಬೇಲಿಯಿಂದ ಬೇಲಿಗೆ ಕೂಗು ಹಾರಿತು. "ಕ್ರಿಸ್ತ ಎದ್ದ!" "ನಿಜವಾಗ್ಲೂ ಎದ್ದ!" ಅದರ ಬೆನ್ನಿಗೇ ಪಕ್ಕದ ಮನೆಯ ಮುದುಕಿ ಕೂಗಿದಳು, "ಲಮಾರಾ, ನಿಂದು ಎದ್ದಿತೇನೇ?"

ಹಿತ್ತಲಲ್ಲಿ ಇಪ್ಪತ್ತು ಜನ ಸೇರಿದರು. ಗೋಡೆರ್ಜಿ ಗೋಣಿ ಸರಿಸಿದ, ಜುಂಬೇರ್ ಮಣ್ಣು ಕೆರೆದು ಮುಚ್ಚಳ ಎತ್ತಿದ. ಒಳಗೆ ಹಸಿರು ವೈನ್ ಕನ್ನಡಿಯಂತೆ ಅಲ್ಲಾಡದೆ ಕೂತಿತ್ತು. ಯಾರೋ "ಅಯ್ಯೋ" ಎಂದರು. ಲಮಾರಾ ತುಟಿ ಕಚ್ಚಿಕೊಂಡು, ಉದ್ದ ಹಿಡಿಯ ಸೋರೆಬುರುಡೆ ಇಳಿಸಿ ಒಂದು ಸಲ ತೆಗೆದು ಮಣ್ಣಿನ ಬಟ್ಟಲಿಗೆ ಸುರಿದಳು. ಏನೂ ಇಲ್ಲ. ಗೋಡೆರ್ಜಿ ಬಟ್ಟಲು ಇಸಿದುಕೊಂಡು ಅಭ್ಯಾಸದಂತೆ ಕಿವಿಗೆ ಹಿಡಿದ. ಹಿಡಿದವನು ಕೆಳಗಿಳಿಸಲೇ ಇಲ್ಲ. ಬಟ್ಟಲಿಗೆ ಬಿಸಿಲು ಬೀಳುತ್ತಿತ್ತು, ಅವನ ದೊಡ್ಡ ಅಂಗೈಯ ಬಿಸಿಯೂ ಇತ್ತು.

"ಎಲ್ರೂ ಬಾಯ್ಮುಚ್ಚಿ," ಎಂದ.

ಬಟ್ಟಲಿನ ತಳದಿಂದ ಒಂದು ಗುಳ್ಳೆ ಎದ್ದಿತು. ಅದರ ಹಿಂದೆ ಹತ್ತು. ಆಮೇಲೆ ಅಂಚಿನ ಸುತ್ತ ಬಿಳಿ ನೊರೆ ಕಟ್ಟಿ ಅವನ ಹೆಬ್ಬೆರಳ ಮೇಲೆ ಇಳಿಯಿತು.

ಊಟಕ್ಕೆ ಕೂತಾಗ ಚಾಕಾಪುಲಿಯ ಪಾತ್ರೆ ಮಧ್ಯೆ ಬಂತು. ಎಳೆ ಕುರಿಮರಿ ಮಾಂಸ, ಬೀಜ ಕಟ್ಟದ ಹುಳಿ ಪ್ಲಮ್ ಕಾಯಿ, ಬೊಗಸೆಗಟ್ಟಲೆ ಸೊಪ್ಪು. ಗೋಡೆರ್ಜಿ ಮೇಜಿನ ತಲೆಯಲ್ಲಿ ಕೂತು ಕೊಟ್ಟ ಮಾತಿನಂತೆ ತಾನೇ ಎಲ್ಲರಿಗೂ ಸುರಿದ. ಒಂದು ಚಮಚ ತಿಂದ. ಒಂದು ಗುಟುಕು ಕುಡಿದ. ಲಮಾರಾ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಇನ್ನೊಂದು ಚಮಚ ತಿಂದ. ಬಟ್ಟಲು ಖಾಲಿಯಾಯಿತು.

ಆ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ತಮಾದಾ ಒಂದೇ ವೈನನ್ನು ಎರಡನೇ ಸಲ ಸುರಿಸಿಕೊಂಡರೆ, ಅದನ್ನು ಮಾಡಿದವರ ಹೆಸರಲ್ಲಿ ಎದ್ದು ನಿಂತು ಹಾರೈಸಬೇಕು. ಇಷ್ಟು ವರ್ಷ ಅವನು ಕುಡಿಯುತ್ತಿದ್ದದ್ದು ತನ್ನದೇ ವೈನ್, ತನಗೆ ತಾನೇ ಹಾರೈಸಿಕೊಳ್ಳುವ ತೊಂದರೆ ಬಂದಿರಲಿಲ್ಲ. ಈಗ ಖಾಲಿ ಬಟ್ಟಲನ್ನು ಬೆರಳಲ್ಲಿ ತಿರುಗಿಸುತ್ತ, ಸಾರಿನ ಪಾತ್ರೆಯನ್ನೂ ಹೂಜಿಯನ್ನೂ ನೋಡುತ್ತ ಕೂತ. ಪೆಪೆಲಾ ಮೆಲ್ಲಗೆ ತನ್ನ ತುಂಬಿದ ಬಟ್ಟಲನ್ನು ಅವನ ಕಡೆ ಸರಿಸಿದಳು.

"ತಗೋ, ಯಾರೂ ನೋಡಲ್ಲ."

"ಕಳ್ಳ ಮಾಡ್ತೀಯಾ ನನ್ನ? ಹಿಂದಕ್ಕೆ ತಗೋ!" ಎಂದು ಗದರಿಸಿ, ಮೇಜಿಗೆ ಎರಡೂ ಕೈ ಊರಿ ಎದ್ದ. ಮಂಡಿ ಲಟಕ್ ಎಂದಿತು. ಬಟ್ಟಲನ್ನು ಸೊಸೆಯ ಕಡೆ ಚಾಚಿದ. "ಸುರಿ."

ಲಮಾರಾ ನೊರೆ ಅಂಚು ದಾಟುವವರೆಗೆ ಸುರಿದಳು.

"ಈ ಹುಡುಗಿ ಮನೆಗೆ ಬಂದ ಮೊದಲನೇ ಈಸ್ಟರ್ ನನ್ನ ವೈನ್ ಕುಡಿದು ಮುಖ ಹಿಂಡ್ಕೊಂಡ್ಳು," ಎಂದ ಅವನು. "ನಾನು ಇಷ್ಟು ವರ್ಷ ಅದನ್ನೇ ನೆನೆಸ್ಕೊಂಡು ಉರೀತಿದ್ದೆ. ಈವತ್ತು ಗೊತ್ತಾಯ್ತು, ಅವಳು ಸರಿಯಾಗೇ ಹಿಂಡ್ಕೊಂಡಿದ್ಲು. ಈ ಸಾರಲ್ಲಿ ಸೊಪ್ಪು ಹಾಕ್ತಾರೆ ಅಂತ ನಂಗೆ ಅರವತ್ತೆಂಟನೇ ವಯಸ್ಸಿಗೆ ವಾಸನೆ ಬಂತು. ಬೀಗರು ಬದುಕಿದ್ದಿದ್ರೆ ಕ್ಷಮೆ ಕೇಳ್ತಿದ್ದೆ. ಅವರ ಬಳ್ಳಿಗೆ, ಅವರ ಮಗಳಿಗೆ. ಗೌಮಾರ್ಜೋಸ್!"

ಎಲ್ಲರೂ "ಗೌಮಾರ್ಜೋಸ್!" ಎಂದು ಕೂಗಿದರು. ಲಮಾರಾ ರೊಟ್ಟಿ ತರುವ ನೆಪದಲ್ಲಿ ಒಳಗೆ ಹೋಗಿ, ರೊಟ್ಟಿ ಬುಟ್ಟಿಯ ಮೇಲೆ ಮುಖವಿಟ್ಟು ಅತ್ತಳು. ಕಣಿವೆಯ ಮನೆ, ತಣ್ಣನೆಯ ಕಲ್ಲು, ಬೆರಳ ತುದಿಯ ನೊರೆ, ಪಕ್ಕದಲ್ಲಿ ಅಪ್ಪನ ಒದ್ದೆ ಬೂಟು, ಎಲ್ಲ ಒಟ್ಟಿಗೇ ಬಂದುಬಿಟ್ಟಿದ್ದವು. ಮೂಗು ಒರೆಸಿಕೊಂಡು ಹೊರಗೆ ಬಂದಾಗ ಹಂದಿಮರಿ ಮೇಜಿಗೆ ಬರುತ್ತಿತ್ತು. ಅವಳು ತನ್ನ ಹೂಜಿಯನ್ನು ತಾನೇ ಎತ್ತಿ ಪಕ್ಕಕ್ಕಿಟ್ಟು, ಮಾವನ ಚಹಾ ಬಣ್ಣದ ವೈನ್ ತಂದು ಮುಂದಿಟ್ಟಳು.

"ಏನಿದು? ಮರ್ಯಾದೆಗಾ?" ಎಂದ ಗೋಡೆರ್ಜಿ ಅನುಮಾನದಿಂದ.

"ಇಲ್ಲ ಮಾವ. ಇದಕ್ಕೆ ನನ್ನದು ನೀರು ಕುಡಿದ ಹಾಗಾಗುತ್ತೆ. ಇದಕ್ಕೆ ನಿಮ್ಮದೇ."

"ಇದನ್ನ ಯಾವತ್ತಿಂದ ಬಲ್ಲೆ?"

"ಮೊದಲನೇ ಈಸ್ಟರಿಂದ."

"ಹನ್ನೆರಡು ವರ್ಷ ಬಾಯಿ ಬಿಡ್ಲಿಲ್ಲವಲ್ಲೇ, ಪಾಪಿ!"

ಅಂದಿನಿಂದ ಆ ಮನೆಯ ಮೇಜಿನಲ್ಲಿ ಕುರಿಮರಿಗೆ ಅವಳದು, ಹಂದಿಮರಿಗೆ ಅವನದು. ನೋಡನೋಡುತ್ತ ಕೇರಿಯಲ್ಲೂ ಅದೇ ರೂಢಿಯಾಯಿತು. ಲಮಾರಾಳ ವೈನ್ ಈಸ್ಟರಿಗೆ ಸರಿಯಾಗಿ ಎದ್ದದ್ದು ಆಮೇಲೆ ಲೆಕ್ಕ ಹಾಕಿದರೂ ಆರು ಸಲ ಇರಬಹುದು. ಏಳದ ವರ್ಷ ಗೋಡೆರ್ಜಿ ತನ್ನ ವೈನನ್ನೂ ಚಾಕಾಪುಲಿಯ ಜೊತೆ ಮುಟ್ಟುತ್ತಿರಲಿಲ್ಲ, ಬಾವಿ ನೀರು ತರಿಸಿ ಕುಡಿದು, ಹಂದಿಮರಿಗೆ ಕಾಯುತ್ತಿದ್ದ. ತೊಂಬತ್ತೈದನೇ ಇಸವಿಯಲ್ಲಿ ಅವನು ತೀರಿಹೋದ. ಆ ವರ್ಷಗಳ ಮಾತು ಬಂದರೆ ಲಮಾರಾ ಈಗಲೂ ಅವನ ದನಿಯಲ್ಲೇ ಬೈದು ತೋರಿಸುತ್ತಾಳೆ, ಕೇಳಿದವರು ನಕ್ಕು ಸುಸ್ತಾದ ಮೇಲೂ ಅವಳಿಗೆ ಸಾಕೆನಿಸುವುದಿಲ್ಲ.

ಎಂಬತ್ತನಾಲ್ಕರ ಆ ಈಸ್ಟರಿನ ಮರುದಿನ, ಸೋಮವಾರ, ಗಾರೆಯವರು ಬಂದೇ ಬಂದರು. ಸುಣ್ಣದಲ್ಲಿ ಗೆರೆ ಎಳೆದು ಗುದ್ದಲಿ ಎತ್ತುವಾಗ ಗೋಡೆರ್ಜಿ ಬಂದು ಕಾಲಲ್ಲಿ ಆ ಗೆರೆ ಅಳಿಸಿದ. ಕೋಲಿನಿಂದ ತಾನೇ ಬೇರೆ ಗೆರೆ ಎಳೆದ. ಗೋಡೆ ಮರದವರೆಗೆ ನೆಟ್ಟಗೆ ಬಂದು, ಅಲ್ಲಿ ಮೊಣಕೈ ಮಡಿಸಿದಂತೆ ಬಾಗಿ, ಗುಡಾಣವನ್ನು ಬಳಸಿ ಮತ್ತೆ ನೆಟ್ಟಗಾಗುತ್ತಿತ್ತು.

"ಯಜಮಾನ್ರೇ, ಇಂಥ ಡೊಂಕು ಗೋಡೆ ಕಟ್ಟಿದ್ರೆ ನಮ್ಮ ಹೆಸರು ಹಾಳಾಗುತ್ತೆ," ಎಂದ ಮೇಸ್ತ್ರಿ.

"ಗೆರೆ ನಂದು ಅಂತ ಹೇಳು," ಎಂದ ಗೋಡೆರ್ಜಿ. "ಮತ್ತೆ ಗುದ್ದಲಿ ಮೆಲ್ಲಗೆ ಹಾಕ್ರಪ್ಪಾ. ನಿನ್ನೆ ಗುಡಾಣಕ್ಕೆ ತುಂಬಾ ಆಯಾಸ ಆಗಿದೆ."